ಇನ್ನೊಬ್ಬರ ರೋಗಿ, ನನ್ನ ರಾತ್ರಿ

ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಕೋಲಾರದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗ ನನ್ನನ್ನು ಹೆಚ್ಚು ಬಳಲಿಸಿದ್ದು ನಿದ್ರೆಗೇಡಲ್ಲ; ಹಗಲಿನಲ್ಲಿ ಒಮ್ಮೆಯೂ ನೋಡಿರದ, ಬೇರೆ ಯೂನಿಟ್‌ಗಳ ರೋಗಿಗಳ ಹೊಣೆ. ಮಾಲೂರಿನ ಕಾರ್ಖಾನೆಯ ಕಾರ್ಮಿಕ, ಹಾವು ಕಚ್ಚಿದ ಮುಳಬಾಗಿಲಿನ ರೈತ, ತೆಲುಗಿನಲ್ಲೇ ನೋವು ಹೇಳಿಕೊಳ್ಳುವ ಶ್ರೀನಿವಾಸಪುರದ ಅಜ್ಜಿ: ಎಲ್ಲರಿಗೂ ನಾನೊಬ್ಬನೇ ವೈದ್ಯ.

ಒಂದು ರಾತ್ರಿ ಎರಡು ಗಂಟೆಗೆ ಆ ಅಜ್ಜಿಗೆ ಉಸಿರಾಟ ಕಷ್ಟವಾಯಿತು. ಹಗಲಿನ ತಂಡ ಬಿಟ್ಟುಹೋಗಿದ್ದ ಚೀಟಿಯಲ್ಲಿ ‘ತೊಂದರೆಯಿಲ್ಲ’ ಎಂದಷ್ಟೇ ಇತ್ತು. ಕೇಸ್‌ಶೀಟ್ ತಿರುವಿದಾಗ ಹಳೆಯ ಪುಟವೊಂದರಲ್ಲಿ ಹೃದಯ ವೈಫಲ್ಯದ ಉಲ್ಲೇಖ ಸಿಕ್ಕಿತು. ಡ್ರಿಪ್ ನಿಲ್ಲಿಸಿ, ಮೂತ್ರವರ್ಧಕ ಚುಚ್ಚುಮದ್ದು ಕೊಟ್ಟೆ. ಅಜ್ಜಿ ಉಳಿದರು. ಆ ಪುಟ ಕಣ್ಣಿಗೆ ಬೀಳದಿದ್ದರೆ? ಪ್ರಶ್ನೆ ಇಂದಿಗೂ ಕಾಡುತ್ತದೆ.

ದುಡಿಮೆಯ ಅವಧಿಯ ಚರ್ಚೆ ಹಳೆಯದು. ಒಂದೇ ಸಮನೆ 12 ಗಂಟೆ ಮೀರಬಾರದೆಂದು 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಹೇಳಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು. ಮಿತಿ ಬೇಕೇ ಬೇಕು. ಆದರೆ ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುವುದು ಹೆಚ್ಚುತ್ತದೆ. ಅಮೆರಿಕ, ಕೆನಡಾಗಳ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಪಾಳಿ ಒಪ್ಪಿಸಲು ಕ್ರಮಬದ್ಧ ನಮೂನೆ ತಂದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದವೆಂದು 2014ರ ಅಧ್ಯಯನವೊಂದು ತೋರಿಸಿತು.

ರೋಗಿಯ ಸ್ಥಿತಿ ಎಷ್ಟು ಗಂಭೀರ, ರಾತ್ರಿ ಏನಾಗಬಹುದು, ಆದರೆ ಏನು ಮಾಡಬೇಕು, ಯಾರನ್ನು ಕರೆಯಬೇಕು? ಈ ನಾಲ್ಕು ಸಾಲು ಬರೆಯಲು ಯಂತ್ರ ಬೇಡ, ಅನುದಾನವೂ ಬೇಡ. ಕಿರಿಯ ವೈದ್ಯರಿಗೆ ಧೈರ್ಯ ಹೇಳುವ ಮೊದಲು ಹಿರಿಯರು ಆ ಚೀಟಿಯನ್ನು ಪೂರ್ತಿ ಬರೆಸಲಿ.