ಅರ್ಧ ಬಿಸ್ಕತ್ತಿಗೆ ನಿಂತುಹೋದ ಸ್ಕ್ಯಾನ್

ಬೆಳಿಗ್ಗೆ ಎಂಟೂವರೆ. ಬೆಂಗಳೂರಿನ ಒಂದು ಆಸ್ಪತ್ರೆಯ ಎಂಆರ್‌ಐ ವಿಭಾಗದ ಹೊರಗೆ ಮೂರು ವರ್ಷದ ಮಗಳನ್ನ ತೊಡೆ ಮೇಲೆ ಕೂರಿಸಿಕೊಂಡು ಕಾಯ್ತಾ ಇದ್ದೆ. ಅರಿವಳಿಕೆ ಡಾಕ್ಟರ್ ಬಂದವರೇ ಕೇಳಿದರು, "ಕೊನೇಲಿ ಏನು ತಿಂದಳು? ಎಷ್ಟು ಗಂಟೆಗೆ?"

"ರಾತ್ರಿ ಒಂಬತ್ತಕ್ಕೆ ಅನ್ನ ಸಾರು ಮೇಡಂ, ಅಷ್ಟೇ" ಅಂದೆ.

ಪಕ್ಕದಲ್ಲಿ ಕೂತಿದ್ದ ನಮ್ಮಮ್ಮ ಸುಮ್ಮನಿದ್ದರು. ಮಗಳು ಸುಮ್ಮನಿರಲಿಲ್ಲ. "ಅಜ್ಜಿ ಬಿಸ್ಕತ್ ಕೊಟ್ರು!"

ಆರೂವರೆಗೆ, ಅರ್ಧ ಮಾರಿ ಬಿಸ್ಕತ್ತು, ಹಾಲಲ್ಲಿ ಅದ್ದಿ. "ಹಸಿವು ಅಂತ ಅಳ್ತಿತ್ತು ಕಣೋ, ನೋಡೋಕಾಗ್ಲಿಲ್ಲ" ಅಂದರು ಅಮ್ಮ. ಅವತ್ತು ಸ್ಕ್ಯಾನ್ ಆಗಲಿಲ್ಲ. ಮಧ್ಯಾಹ್ನ ಮೆಷಿನ್ ಖಾಲಿ ಇಲ್ಲ, ಎರಡು ದಿನ ಬಿಟ್ಟು ಬನ್ನಿ ಅಂದರು. ಜ್ವರವಿಲ್ಲದೆ ಎರಡು ಸಲ ಫಿಟ್ಸ್ ಬಂದಿರುವ ಮಗುವನ್ನ ಇಟ್ಟುಕೊಂಡು ಇನ್ನೂ ಎರಡು ದಿನ ಕಾಯೋದು ಹೇಗೆ? "ಅರ್ಧ ಬಿಸ್ಕತ್ತು ತಾನೇ ಡಾಕ್ಟ್ರೇ" ಅಂತ ವಾದಕ್ಕೇ ಇಳಿದೆ.

ಅವರು ಬೇಜಾರು ಮಾಡಿಕೊಳ್ಳದೆ ಕೂತು ಹೇಳಿದರು. ಎಚ್ಚರ ಇರುವಾಗ ಹೊಟ್ಟೆಯಿಂದ ಏನಾದರೂ ಗಂಟಲಿಗೆ ಬಂದರೆ ನಾವು ಕೆಮ್ಮುತ್ತೇವೆ, ನುಂಗುತ್ತೇವೆ. ಮಂಪರು ಬರಿಸಿದಾಗ ಗಂಟಲಿನ ಆ ಕಾವಲು ಸಡಿಲವಾಗುತ್ತದೆ. ವಾಂತಿ ಬಂದರೆ ಹೊಟ್ಟೆಯ ಆಸಿಡ್ ಸಮೇತ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಗಟ್ಟಿ ಆಹಾರ, ಹಸುವಿನ ಹಾಲು, ಪೌಡರ್ ಹಾಲು ಆದರೆ 6 ಗಂಟೆ ಅಂತರ ಇರಬೇಕು, ಎದೆಹಾಲಾದರೆ 4, ಬರೀ ನೀರಾದರೆ ಸಾಮಾನ್ಯವಾಗಿ 2. ಹಾಲು ನೀರಿನ ಲೆಕ್ಕಕ್ಕೆ ಬರಲ್ಲ ಅನ್ನೋದು ನನಗೂ ಗೊತ್ತಿರಲಿಲ್ಲ. ಅಂದರೆ ಒಂಬತ್ತರ ಸ್ಕ್ಯಾನ್‌ಗೆ ರಾತ್ರಿಯಿಂದ ಬಾಯಾರಿಸಬೇಕಾಗಿರಲಿಲ್ಲ, ಬೆಳಿಗ್ಗೆ ಏಳರ ತನಕ ನೀರು ಕೊಡಬಹುದಿತ್ತು. ಯಾವುದಕ್ಕೂ ನಿಮ್ಮ ಆಸ್ಪತ್ರೆಯವರು ಹೇಳುವ ಸಮಯವನ್ನೇ ಪಾಲಿಸಿ.

ಆಫೀಸಲ್ಲಿ ಪ್ರತಿ ರಿಲೀಸ್‌ಗೂ ಚೆಕ್‌ಲಿಸ್ಟ್ ಮಾಡೋ ನಾನು, ಮನೇಲಿ ಅಮ್ಮನಿಗೆ "ಏನೂ ಕೊಡಬೇಡಿ" ಅಂದಿದ್ದೆನೇ ಹೊರತು ಯಾಕೆ ಅಂತ ಹೇಳಿರಲಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಯಾವ ಅಜ್ಜಿ ತಾನೇ ಅಳುವ ಮಗುವನ್ನ ಹಸಿದಿರಲು ಬಿಡ್ತಾರೆ?

ಇಷ್ಟಕ್ಕೂ ಸ್ಕ್ಯಾನ್‌ಗೆ ಮಂಪರು ಯಾಕೆ ಬೇಕು ಅಂದರೆ, ಎಂಆರ್‌ಐ ಒಂದು ಸುರಂಗ. ಗಡಗಡ ಸದ್ದು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡಬಾರದು. ಮೂರು ವರ್ಷದವಳು ಮೂರು ನಿಮಿಷ ಕೂರಲ್ಲ. ಸಿಟಿ ಸ್ಕ್ಯಾನ್ ಬೇಗ ಮುಗಿಯೋದರಿಂದ ಎಷ್ಟೋ ಮಕ್ಕಳಿಗೆ ಮಂಪರೇ ಬೇಕಾಗಲ್ಲ. ಕೆಲವು ತಿಂಗಳ ಕೂಸಾದರೆ ಹಾಲು ಕುಡಿಸಿ, ಬಿಗಿಯಾಗಿ ಬಟ್ಟೆ ಸುತ್ತಿ, ಅದಾಗೇ ನಿದ್ದೆ ಮಾಡಿದಾಗ ಸ್ಕ್ಯಾನ್ ಮುಗಿಸೋದೂ ಉಂಟು.

ಎರಡು ದಿನದ ನಂತರ ಹೋದಾಗ ಮೊದಲು ಕೈಗೆ ಮರಗಟ್ಟಿಸುವ ಕ್ರೀಮ್ ಹಚ್ಚಿದರು. ಒಂದು ಗಂಟೆ ಬಿಟ್ಟು ಸೂಜಿ ಹಾಕಿದಾಗ ಅವಳು ಅಷ್ಟಾಗಿ ಅಳಲಿಲ್ಲ. ಆಮೇಲೆ ಹಾಲಿನಂತೆ ಬೆಳ್ಳಗಿದ್ದ ಪ್ರೊಪೋಫಾಲ್. "ಅಪ್ಪಾ, ನಾವು ಮನೆಗೆ..." ಅನ್ನುವಷ್ಟರಲ್ಲಿ ಕತ್ತು ನನ್ನ ತೋಳಿನ ಮೇಲೆ ವಾಲಿತು. ಇದಕ್ಕೆ ಯಾರೂ ನನ್ನನ್ನ ತಯಾರು ಮಾಡಿರಲಿಲ್ಲ. ಕೈಯಲ್ಲಿ ಹೂವಿನಷ್ಟು ಹಗುರವಾಗಿದ್ದವಳು ಒಮ್ಮೆಲೇ ಭಾರವಾದಳು. ಅವಳನ್ನ ಅವರ ಕೈಗೆ ಕೊಟ್ಟು ಹೊರಗೆ ಬಂದೆ.

ಹೊರಗೆ ಬರುವ ಮೊದಲು ಒಂದು ಪ್ರಶ್ನೆ ಕೇಳಿದ್ದೆ. ನೀವೂ ಕೇಳಿ: "ಸ್ಕ್ಯಾನ್ ನಡೆಯುವಾಗ ಮಗುವಿನ ಉಸಿರನ್ನಷ್ಟೇ ನೋಡ್ಕೊಳ್ಳೋರು ಯಾರು?" ಮಂಪರು ಸ್ವಿಚ್ ಅಲ್ಲ, ಇಳಿಜಾರು. ಒಂದು ಮಗುವಿಗೆ ತೂಕಡಿಕೆ ಬರಿಸುವ ಔಷಧಿ ಇನ್ನೊಂದನ್ನ ಗಾಢ ನಿದ್ದೆಗೆ ಇಳಿಸಬಹುದು. ಉಸಿರು ನಿಧಾನವಾದರೆ ಮಕ್ಕಳಲ್ಲಿ ಆಮ್ಲಜನಕ ದೊಡ್ಡವರಿಗಿಂತ ಬೇಗ ಕುಸಿಯುತ್ತದೆ. ಸ್ಕ್ಯಾನ್ ಮಾಡುವ ಟೆಕ್ನಿಷಿಯನ್ನೇ ಅದನ್ನೂ ನೋಡ್ತಾರೆ ಅಂದರೆ ಒಪ್ಪಬೇಡಿ. ನಮಗೆ ಸಿಕ್ಕ ಉತ್ತರ, "ನಾನೇ. ಬೇರೆ ಯಾವ ಕೆಲಸವೂ ನನಗಿರಲ್ಲ."

ಹಾಗೇ, ನಿದ್ದೆ ಬರಿಸುವ ಸಿರಪ್ಪನ್ನ ಮನೆಯಲ್ಲೇ ಕುಡಿಸಿ ಕರೆತನ್ನಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ, ಆಟೋದೊಳಗೆ ಮಗುವಿನ ಉಸಿರು ಕಟ್ಟಿದರೆ ಯಾರಿದ್ದಾರೆ? ಶೀತ, ಕೆಮ್ಮು, ರಾತ್ರಿ ಗೊರಕೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಎದ್ದ ಮೇಲೆ ಮಗಳು ಯಾರ ಮೇಲೋ ಸಿಟ್ಟಿಟ್ಟುಕೊಂಡವಳಂತೆ ಅತ್ತಳು. ಎಷ್ಟೋ ಮಕ್ಕಳು ಹಾಗೇ ಏಳ್ತಾರಂತೆ. ನೀರು ಕುಡಿದು ವಾಂತಿ ಆಗಲಿಲ್ಲ, ನಮ್ಮನ್ನ ಗುರುತಿಸಿ ಮಾತಾಡಿದಳು, ಆಮೇಲೇ ಮನೆಗೆ ಬಿಟ್ಟರು. ಕಾರಲ್ಲಿ ಕತ್ತು ಮುಂದಕ್ಕೆ ವಾಲಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ ಅಂದಿದ್ದರಿಂದ, ಹಿಂದಿನ ಸೀಟಲ್ಲಿ ಪಕ್ಕಕ್ಕೆ ಒಬ್ಬರು ಕೂರಲೇಬೇಕಿತ್ತು. ಅಮ್ಮ ಕೂತರು. ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ. ಅದರ ಮುಚ್ಚಳ ತೆಗೆಯೋ ಮುಂಚೆ, "ಈಗ ಕೊಡಬಹುದಂತಾ? ಡಾಕ್ಟ್ರನ್ನ ಕೇಳಿದ್ಯಾ?" ಅಂತ ನನ್ನನ್ನ ಮೂರು ಸಲ ಕೇಳಿದರು.

ರಿಪೋರ್ಟ್ ಮರುದಿನ ಬಂತು. ಗಾಬರಿಪಡುವಂಥದ್ದೇನೂ ಇರಲಿಲ್ಲ.