ಅಂಗಡಿ ಕೆಳಗೆ, ಮನೆ ಮೇಲೆ: ಸೊಲ್ಲಾಪುರದ ಪೇಠೆಗಳ ಬಾಳುವೆ

ಸೊಲ್ಲಾಪುರದ ಹಳೆಯ ಊರಿಗೆ ಹೆಣ್ಣು ಕೊಡುವಾಗ ನಮ್ಮ ಹಿರಿಯರು ಎರಡು ಮಾತು ವಿಚಾರಿಸುತ್ತಿದ್ದರು. ಮನೆಯಿಂದ ಮಂದಿರ ಎಷ್ಟು ದೂರ, ಮನೆಯಿಂದ ಅಂಗಡಿ ಎಷ್ಟು ದೂರ. ಎರಡಕ್ಕೂ "ಚಪ್ಪಲಿ ಹಾಕ್ಕೊಳ್ಳೂದ್ರಾಗ ಬರ್ತದ್ರಿ" ಎಂಬ ಉತ್ತರ ಬಂದರೆ ಮಾತುಕತೆ ಮುಂದುವರಿಯುತ್ತಿತ್ತು. ಈಗ ಅದೇ ಉತ್ತರ ಕೇಳಿದರೆ ಬೀಗರು ಮುಖ ಮುಖ ನೋಡಿಕೊಳ್ಳುತ್ತಾರೆ. "ಅಂದರ ಗಲ್ಲಿ ಒಳಗ ಮನಿ ಅನ್ರಿ. ಕಾರು ಎಲ್ಲಿ ನಿಲ್ಲಸ್ತೀರಿ?" ಎನ್ನುತ್ತಾರೆ.

ಈ ಲೇಖನ ಬರೆಯಲು ಕಾರಣವೂ ಇಂಥದೇ ಒಂದು ಪ್ರಶ್ನೆ. ಶುಕ್ರವಾರ ಪೇಠೆಯ ನಮ್ಮ ವಾಡೆಯನ್ನು ಬಿಲ್ಡರನಿಗೆ ಕೊಟ್ಟು ಎಲ್ಲರೂ ಜುಳೆ ಸೊಲ್ಲಾಪುರದ ಕಡೆ ಫ್ಲ್ಯಾಟಿಗೆ ಹೋಗೋಣವೆಂದು ತಮ್ಮನ ಮಕ್ಕಳು ಎರಡು ವರ್ಷದಿಂದ ಹೇಳುತ್ತಿದ್ದಾರೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ವಾಡೆ ಬಿಡುವುದೆಂದರೆ ಏನೇನು ಬಿಟ್ಟಂತಾಗುತ್ತದೆ ಎಂಬ ಲೆಕ್ಕವನ್ನು ಯಾರೂ ಕಿರ್ದಿಯಲ್ಲಿ ಬರೆದಿರಲಿಲ್ಲ. ನಾವು ವ್ಯಾಪಾರಸ್ಥರು. ಜಮಾ, ಖರ್ಚು ಎರಡನ್ನೂ ಬರೆದು ನೋಡದೆ ತೀರ್ಮಾನಕ್ಕೆ ಬರುವವರಲ್ಲ.

ಸೊಲ್ಲಾಪುರವನ್ನು ಕಾಣದ ವಾಚಕರಿಗಾಗಿ ಊರಿನ ನಕಾಶೆಯನ್ನು ಸ್ವಲ್ಪ ಹೇಳಬೇಕು. ಭುಯಿಕೋಟ ಕಿಲ್ಲೆಯ ಆಚೆ ಹಳೆಯ ಊರು ಕಸಬಾ ಮತ್ತು ಪೇಠೆಗಳಾಗಿ ಹರಡಿಕೊಂಡಿದೆ. ಮಂಗಳವಾರ ಪೇಠೆ, ಬುಧವಾರ ಪೇಠೆ, ಶುಕ್ರವಾರ ಪೇಠೆ ಎಂದು ವಾರದ ಹೆಸರುಗಳು. ಜೊತೆಗೆ ಸಾಖರ ಪೇಠೆ, ನವಿ ಪೇಠೆ. ಅರಿವೆಗೆ ಚಾಟಿ ಗಲ್ಲಿ, ಫಲಟಣ ಗಲ್ಲಿ. ಬಾಳಿವೇಸ್, ತುಳಜಾಪುರ ವೇಸ್, ವಿಜಾಪುರ ವೇಸ್ ಎಂಬ ಹೆಸರುಗಳಲ್ಲಿರುವ 'ವೇಸ್' ನಮ್ಮ ಅಗಸಿಯೇ. ಅಗಸಿ ಬಾಗಿಲುಗಳು ಹೋಗಿವೆ, ಹೆಸರು ಉಳಿದಿವೆ. ೧೮೬೦ರಲ್ಲಿ ರೈಲು ಬಂದಿತು, ೧೮೭೭ರಲ್ಲಿ ಹಳೆಯ ಗಿರಣಿ ಸ್ಥಾಪನೆಯಾಯಿತು. ಅದರ ಹಿಂದೆಯೇ ಅಕ್ಕಲಕೋಟ, ಇಂಡಿ, ಚಡಚಣ, ಜತ್ತ ಕಡೆಯಿಂದ ಕನ್ನಡ ಮಾತನಾಡುವ ಕುಟುಂಬಗಳು ವ್ಯಾಪಾರಕ್ಕೆಂದು ಬಂದು ನೆಲೆ ನಿಂತವು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು, ೧೯೬೦ರಿಂದ ಮಹಾರಾಷ್ಟ್ರದಲ್ಲಿದೆ. ಪೇಠೆಯ ಓಣಿಯಲ್ಲಿ ಮಾತ್ರ ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕೂ ಒಂದೇ ಅಂಗಡಿಯ ಗಾದಿಯ ಮೇಲೆ ನಡೆಯುತ್ತವೆ. ಗಿರಾಕಿ ಯಾವ ಮಾತಿನಲ್ಲಿ ಚೌಕಾಸಿ ಮಾಡುತ್ತಾನೋ ಅದೇ ನಮ್ಮ ಭಾಷೆ.

ವಾಡೆಯ ರಚನೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೀದಿಗೆ ಅಂಗಡಿ, ಅದರ ಪಕ್ಕದಲ್ಲಿ ಕಿರಿದಾದ ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ಬಾವಿ, ಕಡಿದಾದ ಕಟ್ಟಿಗೆಯ ಮೆಟ್ಟಿಲು, ಮೇಲೆ ಪಡಸಾಲೆ, ಅಡಿಗೆಮನೆ, ಮಣ್ಣಿನ ಮಾಳಿಗೆ, ಬೆಳಕಿಂಡಿ. ಅಂಗಡಿಯ ಸದ್ದು ಮನೆಗೆ ಕೇಳುತ್ತದೆ, ಒಗ್ಗರಣೆಯ ವಾಸನೆ ಅಂಗಡಿಗೆ ಇಳಿಯುತ್ತದೆ. ಮದುವೆಯ ಬಸ್ತಾ ಕಟ್ಟಿಸಲು ಹಳ್ಳಿಯಿಂದ ಹದಿನೈದು ಮಂದಿ ಬಂದರೆ ನಮ್ಮ ತಂದೆಯವರು ಗಾದಿಯ ಮೇಲಿಂದಲೇ ಮೇಲೆ ಮುಖ ಮಾಡಿ "ಚಹಾ" ಎಂದು ಒಂದೇ ಶಬ್ದ ಕೂಗುತ್ತಿದ್ದರು. ಎಷ್ಟು ಕಪ್ಪು ಎಂಬುದನ್ನು ಅವ್ವ ಮೇಲಿನ ಕಿಟಕಿಯಿಂದ ಬೀದಿಯಲ್ಲಿ ಬಿಟ್ಟ ಚಪ್ಪಲಿ ಎಣಿಸಿ ತಿಳಿದುಕೊಳ್ಳುತ್ತಿದ್ದಳು.

ಇದೆಲ್ಲ ಹಳೆಯ ನೆನಪಿನ ಸವಿ ಎಂದು ತಮ್ಮನ ಮಗ ನಗುತ್ತಾನೆ. ನಗಲಿ. ನಾನು ಹೇಳಬೇಕೆಂದಿರುವುದು ಬೇರೆ. ಜೈನನೊಬ್ಬ ಪೇಟೆಯಲ್ಲಿ ವ್ಯಾಪಾರ ಮಾಡುತ್ತ ತನ್ನ ನೇಮಗಳನ್ನು ನಡೆಸುವುದಕ್ಕೆ ಈ ಅಂಗಡಿ-ಮನೆ ಆಸರೆಯಾಗಿತ್ತು. ಅದು ನಮಗೆ ಗೊತ್ತಾದದ್ದು ಮನೆಗಳು ದೂರವಾದ ಮೇಲೆ.

ರಾತ್ರಿಭೋಜನ ತ್ಯಾಗವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಡಿಸೆಂಬರ ತಿಂಗಳಲ್ಲಿ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ. ಅಸ್ತಕ್ಕೆ ಎರಡು ಘಳಿಗೆ, ಅಂದರೆ ನಾಲ್ವತ್ತೆಂಟು ನಿಮಿಷ ಇರುವಾಗಲೇ ಊಟ ಮುಗಿಸುವ ನಿಷ್ಠೆಯವರಿಗೆ ಐದು ಗಂಟೆಯೇ ಕೊನೆ. ಬಜಾರಿನಲ್ಲಿ ಗಿರಾಕಿ ಏರುವುದೋ ಐದರ ಮೇಲೆ; ಅಂಗಡಿ ಹಾಕುವುದು ಒಂಬತ್ತಕ್ಕೆ. ಮನೆ ಮೇಲೆಯೇ ಇದ್ದಾಗ ಅಣ್ಣ ಹೋಗಿ ಉಂಡು ಬರುವತನಕ ತಮ್ಮ ಗಲ್ಲೆಯ ಮೇಲೆ ಕೂಡುತ್ತಿದ್ದ, ನಂತರ ತಮ್ಮ ಹೋಗುತ್ತಿದ್ದ. ಬಿಸಿ ರೊಟ್ಟಿ, ಹೆಸರುಬೇಳೆ, ಹದಿನೈದು ನಿಮಿಷ. ಮನೆ ಐದಾರು ಕಿಲೋಮೀಟರು ದೂರವಾದರೆ ಹೋಗಿ ಬರಲು ಒಂದು ಗಂಟೆ. ಮೊದಮೊದಲು ಡಬ್ಬಿ ಬರುತ್ತದೆ. ಮಧ್ಯಾಹ್ನದ ಆರಿದ ಡಬ್ಬಿಯನ್ನು ಸಂಜೆ ಐದಕ್ಕೆ ಗಿರಾಕಿಯ ಮುಂದೆ ಬಿಚ್ಚಲು ಹುಡುಗರಿಗೆ ಸಂಕೋಚ. ಆಮೇಲೆ "ಚಾತುರ್ಮಾಸದಲ್ಲಿ ಮಾತ್ರ" ಎಂದಾಗುತ್ತದೆ, ಆಮೇಲೆ "ದಶಲಕ್ಷಣದಲ್ಲಿ ಮಾತ್ರ". ನಾನು ಯಾರನ್ನೂ ದೂರುತ್ತಿಲ್ಲ. ಅವರ ಶ್ರದ್ಧೆ ಕಡಿಮೆಯಾದದ್ದಲ್ಲ, ದಾರಿ ಉದ್ದವಾದದ್ದು.

ದಶಲಕ್ಷಣ ಪರ್ವದ ಮಾತು ಬಂತು. ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಆ ಹತ್ತು ದಿನಗಳೇ ಗಣೇಶೋತ್ಸವದ ದಿನಗಳು. ಇಡೀ ವರ್ಷದ ಭರ್ಜರಿ ವ್ಯಾಪಾರ ಆಗಲೇ. ಮಂದಿರದಲ್ಲಿ ದಿನಕ್ಕೊಂದು ಧರ್ಮದ ಪೂಜೆ, ತತ್ತ್ವಾರ್ಥಸೂತ್ರದ ದಿನಕ್ಕೊಂದು ಅಧ್ಯಾಯದ ಪ್ರವಚನ. ಪೇಠೆಯಲ್ಲಿರುವವನು ಅಂಗಡಿಯನ್ನು ಮುನೀಮನಿಗೆ ಒಪ್ಪಿಸಿ ಒಂದು ಗಂಟೆ ಕೂತು ಬರಬಲ್ಲ. ಪ್ರವಚನ ನಡೆದಾಗಲೇ ಅಂಗಡಿಯ ಹುಡುಗ ಬಾಗಿಲಲ್ಲಿ ನಿಂತು ಸನ್ನೆ ಮಾಡಿ ಕರೆದದ್ದೂ ಉಂಟು. ಅದನ್ನು ಕಂಡು ಪಂಡಿತರು ಪರಿಗ್ರಹದ ಮೇಲೆ ಎರಡು ಮಾತು ಹೆಚ್ಚಿಗೆ ಹೇಳಿದ್ದೂ ಉಂಟು.

ಇನ್ನು ಅಂಗಳದ ಬಾವಿ. ಬಿಲ್ಡರನ ನಕಾಶೆಯಲ್ಲಿ ಅದರ ಮೇಲೆ ಗೀಟು ಎಳೆದು ಅಲ್ಲಿ ಲಿಫ್ಟ್ ಎಂದು ಬರೆದಿದ್ದರು. ಮುನಿಮಹಾರಾಜರ ಆಹಾರಕ್ಕೆ ನಮ್ಮಲ್ಲಿ ಬಾವಿಯ ನೀರೇ ಬೇಕು. ಸೇದಿದ ನೀರನ್ನು ದಪ್ಪ ಬಟ್ಟೆಯನ್ನು ಮಡಚಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಅದೇ ಬಾವಿಯ ನೀರಿಗೆ ಮರಳಿ ಇಳಿಸಬೇಕು. ಅದಕ್ಕಾಗಿಯೇ ತಳದಲ್ಲಿಯೂ ಕಡೆ ಇರುವ ಬಕೆಟ್ಟು ನಮ್ಮ ಮನೆಯಲ್ಲಿದೆ. ಮೇಲಿಂದ ಸುರಿದರೆ ಜೀವಹಾನಿಯಾಗುತ್ತದೆಂದು ಅದನ್ನು ಹಗ್ಗದಿಂದ ನೀರು ಮುಟ್ಟುವತನಕ ಬಿಟ್ಟು, ಅಲ್ಲಿ ಮಗುಚುತ್ತಾರೆ. ಬೋರಿನ ನೀರಿಗೆ ಈ ಕ್ರಮ ಹೇಗೆ ನಡೆಯಬೇಕು? ಒಳಗಿನದನ್ನು ಮರಳಿ ಮುಟ್ಟಿಸಲು ಆ ಕೊಳವೆಯಲ್ಲಿ ದಾರಿಯೇ ಇಲ್ಲ. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಕುದಿಸಿದ ನೀರಿನದು ಒಂದು ದಿನ ಎಂಬುದನ್ನು ನಮ್ಮ ಮನೆಯ ಹುಡುಗಿಯರು ಕಲಿತದ್ದು ಪುಸ್ತಕದಿಂದಲ್ಲ, ಈ ಬಾವಿಕಟ್ಟೆಯ ಮೇಲೆ.

ಕರ್ನಾಟಕದ ಕಡೆಯಿಂದ ಕುಂಥಲಗಿರಿಗೆ ವಿಹಾರ ಮಾಡುವ ತ್ಯಾಗಿಗಳು ಸೊಲ್ಲಾಪುರದಲ್ಲಿ ತಂಗುವುದುಂಟು. ಆಚಾರ್ಯ ಶಾಂತಿಸಾಗರ ಮಹಾರಾಜರು ೧೯೫೫ರಲ್ಲಿ ಸಲ್ಲೇಖನ ಪಡೆದ ಕ್ಷೇತ್ರವದು. ಸಂಘ ಬಂದಾಗ ಬೆಳಗಿನ ಒಂಬತ್ತೂವರೆ-ಹತ್ತರ ಹೊತ್ತಿಗೆ ನಮ್ಮ ಓಣಿಯನ್ನು ನೋಡಬೇಕು. ಬಾಗಿಲು ಬಾಗಿಲಿಗೆ ಕಲಶ, ತೆಂಗಿನಕಾಯಿ ಹಿಡಿದು ದಂಪತಿಗಳು "ನಮೋಸ್ತು" ಎನ್ನುತ್ತ ನಿಂತಿರುತ್ತಾರೆ. ಮಹಾರಾಜರು ಮನಸ್ಸಿನಲ್ಲಿ ಏನು ವಿಧಿ ಮಾಡಿಕೊಂಡಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಅತ್ತ ಕೈಗಾಡಿಯ ಹಮಾಲರು ತಾವಾಗಿಯೇ ಗಾಡಿಯನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತಾರೆ. ಅವರು ನಮ್ಮ ಸಮಾಜದವರಲ್ಲ, ಪೇಠೆಯವರು, ಅಷ್ಟೇ. ಅವರಿಗೆ ಎಲ್ಲ ಗೊತ್ತು. ಜನವರಿಯ ಗಡ್ಡಾ ಜಾತ್ರೆಯಲ್ಲಿ ಸಿದ್ಧೇಶ್ವರನ ಏಳು ನಂದಿಕೋಲುಗಳು ಬರುವಾಗ ನಾವೂ ಹೀಗೆಯೇ ಅಂಗಡಿಯ ಹಲಗೆ ಒಳಗೆ ಎಳೆದುಕೊಂಡು ನಿಲ್ಲುತ್ತೇವೆ.

ಫ್ಲ್ಯಾಟಿಗೆ ಹೋದವರೂ ಭಕ್ತಿಯವರೇ. ಆದರೆ ತ್ಯಾಗಿಗಳು ವಾಹನ ಹತ್ತುವುದಿಲ್ಲ, ಲಿಫ್ಟೂ ಇಲ್ಲ. ಆದ್ದರಿಂದ ಅವರು ಆಹಾರಕ್ಕೆ ಚೌಕ ಹಾಕಲು ಪೇಠೆಯ ನೆಂಟರ ಮನೆಗೇ ಬರುತ್ತಾರೆ. ಕಳೆದ ಸಲ ನಮ್ಮ ವಾಡೆಯಲ್ಲಿ ಮೂರು ಮನೆತನದ ಚೌಕಗಳಿದ್ದವು. ಬಾವಿಯ ಹಗ್ಗಕ್ಕೆ ಪಾಳಿ ಹಚ್ಚಬೇಕಾಯಿತು.

ಬಜಾರಿನ ನಡುವೆ ವಿದ್ಯೆಯೂ ಬೆಳೆದಿದೆ ಎಂಬುದನ್ನು ನಮ್ಮ ಹುಡುಗರು ಮರೆತಿದ್ದಾರೆ. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ತಮ್ಮ ಸಂಪತ್ತನ್ನು ಜ್ಞಾನದಾನಕ್ಕೆ ಮೀಸಲಿಟ್ಟು ಕಟ್ಟಿದ ಜೈನ ಸಂಸ್ಕೃತಿ ಸಂರಕ್ಷಕ ಸಂಘದ ವಿಳಾಸ ಫಲಟಣ ಗಲ್ಲಿಯದೇ. ಸಂಘದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ೧೯೪೩ರಲ್ಲಿ 'ತಿಲೋಯಪಣ್ಣತ್ತಿ'ಯ ಮೊದಲ ಭಾಗ ಬಂದಿತು. ಸಂಪಾದಕರಲ್ಲಿ ಒಬ್ಬರಾದ ಡಾ. ಆ. ನೇ. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗದವರು. ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ದಕ್ಷಿಣ ಭಾರತದ ಜೈನಧರ್ಮವನ್ನೂ ಶಾಸನಗಳನ್ನೂ ಕುರಿತ ಪಿ. ಬಿ. ದೇಸಾಯಿಯವರ ಇಂಗ್ಲಿಷ್ ಗ್ರಂಥ ಹೊರಬಂದದ್ದೂ ಇಲ್ಲಿಂದಲೇ, ೧೯೫೭ರಲ್ಲಿ. ಅರಿವೆಯ ಗಂಟು ಇಳಿಯುವ ಗಲ್ಲಿಯಲ್ಲಿ ಪ್ರಾಕೃತ ಗ್ರಂಥಗಳ ಗಂಟೂ ಕಟ್ಟಿ ಹೊರಟವು.

ಇನ್ನು ಖರ್ಚಿನ ಕಡೆ. ಇದನ್ನು ಮುಚ್ಚಿಡಬಾರದು.

ನಮ್ಮ ಕಾಕಾ ಒಂದು ರಾತ್ರಿ ಎದೆನೋವೆಂದಾಗ ಆಂಬುಲೆನ್ಸು ಓಣಿಯ ತುದಿಯಲ್ಲೇ ನಿಂತಿತು. ಅವರನ್ನು ಕುರ್ಚಿಯಲ್ಲಿ ಕೂಡಿಸಿ ಆ ಕಡಿದಾದ ಮೆಟ್ಟಿಲಿಳಿಸಿ ನಾಲ್ವರು ಹೊತ್ತು ನಡೆದೆವು. ಕಾಕಾ ಉಳಿದರು. ಆದರೆ ಮೆಟ್ಟಿಲ ಮೇಲೆ ಕಳೆದ ಆ ಹತ್ತು ನಿಮಿಷವನ್ನು ತಮ್ಮನ ಮಕ್ಕಳು ಮರೆತಿಲ್ಲ, ಮರೆಯಲೂ ಬಾರದು. ಅರಿವೆಯ ಗೋದಾಮಿನ ಮೇಲೆಯೇ ಮಲಗುವ ನಮಗೆ ಬೆಂಕಿಯ ಭಯ ಯಾವಾಗಲೂ ಇದ್ದದ್ದೇ. ಹಳೆಯ ವಾಯರಿಂಗು, ಕಟ್ಟಿಗೆಯ ಜಂತಿ, ಬಂಬಿನ ಗಾಡಿ ತಿರುಗಲಾರದ ಗಲ್ಲಿ. ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ. ನಳದ ನೀರು ಮೂರು-ನಾಲ್ಕು ದಿನಕ್ಕೊಮ್ಮೆ ಬಂದ ವರ್ಷಗಳನ್ನು ಕಂಡಿದ್ದೇವೆ. ಸೊಸೆಯಂದಿರು ಹಗಲು ಹೊತ್ತು ಬಚ್ಚಲಿಗೆ ಹೋಗಲು ಅಂಗಳ ದಾಟಬೇಕು, ಅಂಗಳದಲ್ಲಿ ಅಂಗಡಿಯ ಆಳುಗಳು. ಮೂವತ್ತು ವರ್ಷ ಈ ಬಗ್ಗೆ ಯಾವ ಗಂಡಸೂ ವಿಚಾರ ಮಾಡಲಿಲ್ಲ. ಈ ಸಾಲಿನಲ್ಲಿ ನಾನೂ ಇದ್ದೇನೆ.

ರಿಪೇರಿ ಮಾಡಿಸಬಾರದೇ ಎನ್ನುವಿರಿ. ಹಳೆಯ ವಾಡೆಗಳ ಕಷ್ಟವೇ ಅದು. ಉತಾರದ ಮೇಲೆ ಅಜ್ಜನ ಹೆಸರಿನ ಕೆಳಗೆ ಹನ್ನೊಂದು ಹಿಸ್ಸೇದಾರರು; ಒಬ್ಬರು ಪುಣೆಯಲ್ಲಿ, ಒಬ್ಬರು ಅಮೆರಿಕೆಯಲ್ಲಿ. ಬೀದಿಯ ಒಂದು ಖೋಲಿ ಹಳೆಯ ಬಾಡಿಗೆದಾರರ ಕೈಯಲ್ಲಿ. ಮಹಾರಾಷ್ಟ್ರದ ೧೯೯೯ರ ಬಾಡಿಗೆ ನಿಯಂತ್ರಣ ಕಾಯದೆ ೨೦೦೦ದ ಮಾರ್ಚ್ ೩೧ರಿಂದ ಜಾರಿಗೆ ಬಂದು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಬಾಡಿಗೆ ಹೆಚ್ಚಿಸಲು ಅವಕಾಶ ಕೊಟ್ಟಿದೆ. ಮೂಲ ಬಾಡಿಗೆಯೇ ಚಹಾದ ಖರ್ಚಿನಷ್ಟಿದ್ದರೆ ನೂರಕ್ಕೆ ನಾಲ್ಕು ಎಷ್ಟಾದೀತು? ಜಂತಿಗೆ ಗೆದ್ದಲು ಹಿಡಿದರೂ ಖರ್ಚು ಯಾರದೆಂಬ ವಾದ ಮುಗಿಯುವುದರೊಳಗೆ ಜಂತಿ ಮುಗಿದಿರುತ್ತದೆ. ಆದವಾನಿ ಕಡೆಯ ನಮ್ಮ ನೆಂಟರ ಮನೆಗಳಲ್ಲಿಯೂ ಇದೇ ಕಥೆ. ಕಾಯದೆ ಬೇರೆ, ಗೋಡೆ ಒಂದೇ.

ಇಷ್ಟೆಲ್ಲ ಬರೆದ ಮೇಲೆ ಅವ್ವನನ್ನು ಕೇಳದಿದ್ದರೆ ಹೇಗೆ? ಆಕೆಗೆ ಎಂಬತ್ತನಾಲ್ಕು. ಬೆಳಿಗ್ಗೆ ಅಭಿಷೇಕಕ್ಕೆ ಒಬ್ಬಳೇ ಹೋಗುತ್ತಾಳೆ, ಗೋಡೆ ಹಿಡಿದುಕೊಂಡು. ದಾರಿಯಲ್ಲಿ ಬಳೆಗಾರ, ಕಿರಾಣಿಯವ, ಹೂವಿನವ ಮೂರೂ ಕಡೆ ಕುಳಿತು ಎದ್ದು ಬರುತ್ತಾಳೆ. ತರಕಾರಿಯಾಕೆಗೆ ತಿಥಿ ಸಹ ಗೊತ್ತು. "ಇವತ್ತ ಅಷ್ಟಮಿ ಅಲ್ಲೇನ್ರಿ ಅವ್ವಾರ, ಹಸರ ಕಾಯಿಪಲ್ಯ ಒಯ್ಯಾಂಗಿಲ್ಲ" ಎಂದು ಆಕೆಯೇ ನೆನಪು ಮಾಡಿಕೊಡುತ್ತಾಳೆ. ಗಂಡನಿಲ್ಲದ, ಗಾಡಿ ನಡೆಸಲು ಬಾರದ ಮುದುಕಿಯೊಬ್ಬಳು ಯಾರ ಹಂಗೂ ಇಲ್ಲದೆ ತನ್ನ ದಿನ ತಾನೇ ನಡೆಸುವುದು ಈ ಓಣಿಯಿಂದಾಗಿ. ೨೦೨೦ರ ಲಾಕ್‌ಡೌನಿನಲ್ಲಿ ಮಂದಿರದ ಬಾಗಿಲು ಮುಚ್ಚಿದಾಗಲೂ ಆಕೆ ಮಾಳಿಗೆ ಹತ್ತಿ ಶಿಖರಕ್ಕೆ ಕೈಮುಗಿದೇ ನೀರು ಕುಡಿಯುತ್ತಿದ್ದಳು. ನಾಲ್ಕು ದಿನ ಮೊಮ್ಮಗನ ಗೆಳೆಯನ ಫ್ಲ್ಯಾಟಿನಲ್ಲಿ ಇದ್ದು ಬಂದವಳು ಹೇಳಿದ್ದು ಒಂದೇ ಮಾತು: "ಭಾಳ ಛಲೋ ಅದ. ಮಂದಿರಕ್ಕ ಹೋಗಬೇಕಂದ್ರ ಯಾರನ್ನರ ಕೇಳಬೇಕು, ಅಷ್ಟ."

ಈ ವರ್ಷ ಬೇಸಿಗೆಯಲ್ಲಿ ನಾವು ಮಾಡಿದ್ದಿಷ್ಟು. ಮೆಟ್ಟಿಲಿಗೆ ಎರಡೂ ಬದಿ ಕಬ್ಬಿಣದ ಸರಳು ಕೂಡಿಸಿದೆವು. ಮೇಲಿನ ಅಂತಸ್ತಿನಲ್ಲೇ ಸ್ನಾನಗೃಹ, ಶೌಚಾಲಯ ಕಟ್ಟಿಸಿದೆವು. ಪೂರಾ ವಾಯರಿಂಗು ಬದಲಾಯಿತು, ಗೋದಾಮಿನ ಅರ್ಧ ಮಾಲು ಊರ ಹೊರಗೆ ಹೋಯಿತು. ಚಾತುರ್ಮಾಸಕ್ಕೆ ಮೊದಲು ಬಾವಿಯ ಹೂಳು ತೆಗೆಸಿದೆವು. ಖರ್ಚನ್ನು ಹಿಸ್ಸೇದಾರರ ಖಾತೆಗೆ ಬರೆದಿದ್ದೇನೆ. ಅಮೆರಿಕೆಯವರು ಮೊದಲು ಕಳಿಸಿದರು, ಪುಣೆಯವರದು ಇನ್ನೂ ಬಾಕಿ.

ತಮ್ಮನ ಹಿರಿಯ ಮಗ ಮಾತ್ರ ಕಾಯಲಿಲ್ಲ. ಜುಳೆ ಸೊಲ್ಲಾಪುರದಲ್ಲಿ ಎರಡು ಕೋಣೆಯ ಫ್ಲ್ಯಾಟು ಕೊಂಡು ಹೋಗಿದ್ದಾನೆ; ಹೆಂಡತಿ, ಮಗು ಸುಖವಾಗಿದ್ದಾರೆ. ಅಂಗಡಿಗೆ ಬೆಳಿಗ್ಗೆ ಹತ್ತಕ್ಕೆ ಸ್ಕೂಟರಿನ ಮೇಲೆ ಬರುತ್ತಾನೆ. ಸಂಜೆ ಐದಾಗುತ್ತಲೇ ಅವ್ವ ಮೇಲಿನ ಕಿಟಕಿಯಿಂದ ಅವನ ಹೆಸರು ಹಿಡಿದು ಕೂಗುತ್ತಾಳೆ. ಗಿರಾಕಿಯ ಮುಂದೆ ಥಾನು ಬಿಚ್ಚಿದ್ದರೂ ಅದನ್ನು ನನ್ನ ಕೈಗೆ ಕೊಟ್ಟು ಉಣ್ಣಲು ಮೇಲೆ ಹೋಗುತ್ತಾನೆ. ಬಿಲ್ಡರನ ಕಾಗದದ ಮೇಲೆ ಒಂಬತ್ತು ಸಹಿಗಳಾಗಿವೆ. ಆಗದಿರುವ ಎರಡರಲ್ಲಿ ಒಂದು ಅವ್ವನದು, ಇನ್ನೊಂದು ನನ್ನದು.