ಲಿಪಿಕಾರನ ಪೀಠವೂ ಲಿಪಿಯ ರೂಪವೂ

ಸಂಸ್ಕೃತದ ಹಸ್ತಪ್ರತಿಗಳನ್ನು ಪರಿಶೋಧಿಸಿದವರೆಲ್ಲರಿಗೂ ಗ್ರಂಥಾಂತ್ಯದಲ್ಲಿ ಲಿಪಿಕಾರನು ತನ್ನ ಮಾತಾಗಿ ಸೇರಿಸುವ ಶ್ಲೋಕವೊಂದರ ಪರಿಚಯವಿರುವುದು. ಬೆನ್ನು, ಸೊಂಟ, ಕೊರಳು ಮೂರೂ ಮುರಿದುವೆಂದೂ, ಮುಖವನ್ನು ತಗ್ಗಿಸಿಕೊಂಡೇ ಕಷ್ಟದಿಂದ ಬರೆದುದಾಯಿತೆಂದೂ, ಆದಕಾರಣ ಈ ಪುಸ್ತಕವನ್ನು ಯತ್ನಪೂರ್ವಕವಾಗಿ ಕಾಪಾಡಬೇಕೆಂದೂ ಅದರ ತಾತ್ಪರ್ಯ. ಕೆಲವು ಪಾಠಗಳಲ್ಲಿ ದೃಷ್ಟಿಯು ಸ್ತಬ್ಧವಾದುದನ್ನೂ, ಕೆಲವುಗಳಲ್ಲಿ ಮುಷ್ಟಿಯು ಬಿಗಿದುದನ್ನೂ ಹೇಳಿರುವುದು. ಮುಷ್ಟಿಯ ಪಾಠವು ಕಂಟವನ್ನು ಹಿಡಿದು ಓಲೆಯನ್ನು ಕೊರೆದವರದೆಂದು ಊಹಿಸಲು ಮನಸ್ಸಾಗುವುದಾದರೂ, ಶ್ಲೋಕವು ಪ್ರಾಂತದಿಂದ ಪ್ರಾಂತಕ್ಕೆ ಸಂಚರಿಸಿರುವುದರಿಂದ ಪಾಠಭೇದವೊಂದರಿಂದಲೇ ಹಾಗೆ ನಿರ್ಣಯಿಸಹೊರಡುವುದು ಸಾಹಸವೇ ಸರಿ. ಸಂಪಾದಕರು ಸಾಮಾನ್ಯವಾಗಿ ಈ ಶ್ಲೋಕವನ್ನು ಅಡಿಟಿಪ್ಪಣಿಗೆ ತಳ್ಳಿ ಮುಂದೆ ಸಾಗುವರು. ಆದರೆ ಕೆಲಸ ಮಾಡುವವನ ದೇಹಕ್ಕೂ, ಅವನ ಉಪಕರಣದ ರೂಪಕ್ಕೂ, ಆ ಉಪಕರಣದಿಂದ ಹುಟ್ಟಿದ ವಸ್ತುವಿನ ಚೆಲುವಿಗೂ ಇರುವ ಸಂಬಂಧವನ್ನು ವಿಚಾರಿಸುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವು ದೊರೆಯಲಾರದು.

ಇದು ಲಿಪಿಕಾರನ ಅತ್ಯುಕ್ತಿಯೆಂದು ಭಾವಿಸುವವರಿಗೆ ಇಟಲಿಯ ವೈದ್ಯನಾದ ಬೆರ್ನಾರ್ದಿನೋ ರಮಾಜ್ಜಿನಿಯ ಗ್ರಂಥವು ಉತ್ತರವೀಯುವುದು. ವೃತ್ತಿಗಳಿಂದುಂಟಾಗುವ ರೋಗಗಳನ್ನು ಕುರಿತು ಆತನು ೧೭೦೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥವನ್ನು ೧೭೧೩ರಲ್ಲಿ ವಿಸ್ತರಿಸಿದಾಗ, ಬರೆಯುವುದನ್ನೇ ವೃತ್ತಿಯಾಗಿ ಉಳ್ಳವರಿಗೆಂದು ಒಂದು ಅಧ್ಯಾಯವನ್ನು ಸೇರಿಸಿದನು. ಅವರ ವ್ಯಾಧಿಗೆ ಆತನು ಹೇಳುವ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯು ಒಂದೇ ಬಗೆಯಾಗಿ ಆಡುತ್ತಲೇ ಇರುವುದು, ತಪ್ಪು ಬೀಳದಂತೆ ಮನಸ್ಸನ್ನು ಬಿಗಿಹಿಡಿದಿರುವುದು. ಬಲಗೈ ಸೋತುಹೋದ ಲೇಖಕನೊಬ್ಬನು ಎಡಗೈಯಿಂದ ಬರೆಯಲು ಕಲಿತನೆಂದೂ, ಕೆಲವು ಕಾಲದಮೇಲೆ ಆ ಕೈಗೂ ಅದೇ ರೋಗವು ತಗುಲಿತೆಂದೂ ಆತನು ತಿಳಿಸಿರುವನು. ನಮ್ಮ ಲಿಪಿಕಾರನೂ ಇಟಲಿಯ ವೈದ್ಯನೂ ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಸಂಗತಿಯನ್ನು ಕಂಡರು. ಒಬ್ಬನು ಅನುಭವಿಸಿ ಕಂಡನು, ಮತ್ತೊಬ್ಬನು ಪರೀಕ್ಷಿಸಿ ಕಂಡನು.

ಇಂತಹ ವಿಚಾರಕ್ಕೆ ಎರ್ಗೊನಾಮಿಕ್ಸ್ ಎಂಬ ಹೆಸರನ್ನು ಗ್ರೀಕ್ ಪದಗಳಿಂದ ಕಟ್ಟಿ ೧೮೫೭ರಲ್ಲಿ ಬಳಸಿದವನು ಪೋಲೆಂಡಿನ ಪಂಡಿತ ಯಾಸ್ಟ್ರಜೆಂಬೋವ್ಸ್ಕಿ. ರೂಪವು ಯಾವಾಗಲೂ ಪ್ರಯೋಜನವನ್ನು ಅನುಸರಿಸುವುದೆಂಬ ಸೂತ್ರವನ್ನು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ ೧೮೯೬ರಲ್ಲಿ ಪ್ರತಿಪಾದಿಸಿದನು. ಈ ಸೂತ್ರವು ಎಷ್ಟರಮಟ್ಟಿಗೆ ನಿಜವೆಂಬುದನ್ನು ಕಾಣಲು ಓಲೆಯ ಪುಸ್ತಕವನ್ನು ಪರೀಕ್ಷಿಸುವುದು ಯುಕ್ತ.

ಶ್ರೀತಾಳ, ತಾಳ ಎಂಬ ಎರಡು ಜಾತಿಯ ಮರಗಳ ಗರಿಗಳನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ, ಅಂಚು ಕತ್ತರಿಸಿ ಬರೆವಣಿಗೆಗೆ ಅಣಿಮಾಡುತ್ತಿದ್ದರು. ಗರಿಯು ನೀಳವಾಗಿ, ಅಗಲ ಕೇವಲ ಎರಡು ಮೂರು ಅಂಗುಲವಾಗಿರುವುದರಿಂದ ಪುಸ್ತಕಕ್ಕೂ ಅದೇ ಆಕಾರವು ಬಂದಿತು. ದಕ್ಷಿಣದೇಶದ ಲಿಪಿಕಾರನು ಮಸಿಯಿಂದ ಬರೆಯದೆ ಕಬ್ಬಿಣದ ಕಂಟದಿಂದ ಕೊರೆಯುತ್ತಿದ್ದನು. ಓಲೆಯು ಎಡಗೈಯಲ್ಲಿ, ಕಂಟವು ಬಲಗೈಯಲ್ಲಿ; ಎಡಗೈಯ ಹೆಬ್ಬೆರಳು ಕಂಟದ ಮೊನೆಗೆ ಆನಿಕೆಯಾಗಿ ಅದನ್ನು ನಡೆಸುವುದು. ಹೀಗೆ ಕೊರೆದಾದ ಮೇಲೆ ದೀಪದ ಕಾಡಿಗೆಯನ್ನೋ ಇದ್ದಲನ್ನೋ ಎಣ್ಣೆಯೊಡನೆ ಸವರಿ ಒರಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಅಕ್ಷರವು ತೋರುವುದು. ಎಂದಮೇಲೆ, ಬರೆಯುವ ಹೊತ್ತಿನಲ್ಲಿ ಅವನ ಕಣ್ಣಿಗೆ ಕಾಣುತ್ತಿದ್ದುದು ಬಣ್ಣವಿಲ್ಲದ ಗೀರು ಮಾತ್ರ! ಕೊರಳು ಬಾಗಿ ದೃಷ್ಟಿಯು ಸ್ತಬ್ಧವಾದುದರಲ್ಲಿ ಆಶ್ಚರ್ಯವೇನು?

ಕನ್ನಡ, ತೆಲುಗು, ಒಡಿಯಾ ಮೊದಲಾದ ಲಿಪಿಗಳ ದುಂಡುತನಕ್ಕೆ ಈ ಕಂಟವೇ ಕಾರಣವೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿರುವರು. ಗರಿಯ ನಾರು ಉದ್ದಕ್ಕೆ ಹರಿಯುವುದರಿಂದ ಅದೇ ದಿಕ್ಕಿನಲ್ಲಿ ನೇರವಾಗಿ ಗೀರಿದರೆ ಓಲೆಯು ಸೀಳುವುದು. ಆದುದರಿಂದ ಲಿಪಿಕಾರನು ಗೆರೆಯನ್ನು ಬಾಗಿಸಿದನು ಎಂಬುದು ಅವರ ಯುಕ್ತಿ. ಮಸಿಯಿಂದ ಬರೆದ ಉತ್ತರದೇಶದ ನಾಗರಿಯಲ್ಲಿ ಶಿರೋರೇಖೆಯು ನೀಳವಾಗಿ ಚಾಚಿರುವುದೂ, ಒಡಿಯಾದಲ್ಲಿ ಅದೇ ಸ್ಥಾನವು ಕಮಾನಿನಂತೆ ಬಾಗಿರುವುದೂ ಈ ವಾದಕ್ಕೆ ಪೋಷಕವಾಗಿವೆ. ಆದರೆ ಇದನ್ನು ಸರ್ವತ್ರ ಅನ್ವಯಿಸುವ ಸೂತ್ರವೆಂದು ಹಿಡಿಯುವುದು ಸರಿಯಲ್ಲ. ಕರ್ಣಾಟಕದಲ್ಲಿಯೇ, ಅದರಲ್ಲೂ ಮಾಧ್ವಗ್ರಂಥಗಳಲ್ಲಿ, ನಂದಿನಾಗರಿ ಲಿಪಿಯ ಓಲೆಗಳು ಹೇರಳವಾಗಿವೆ. ಆ ಲಿಪಿಯಲ್ಲಿ ಅಕ್ಷರ ಅಕ್ಷರಕ್ಕೂ ಪ್ರತ್ಯೇಕವಾದ ಶಿರೋರೇಖೆಯುಂಟು. ಕನ್ನಡದ ತಲೆಕಟ್ಟಾದರೂ ಅಡ್ಡಗೆರೆಯೇ ಅಲ್ಲವೆ? ಅದು ಚಿಕ್ಕದು, ತುದಿಯಲ್ಲಿ ಮೇಲಕ್ಕೆ ತಿರುಗುವುದು, ಪಕ್ಕದ ಅಕ್ಷರವನ್ನು ಮುಟ್ಟದು. ನಂದಿನಾಗರಿಯ ರೇಖೆಯೂ ತುಂಡುತುಂಡಾಗಿಯೇ ಇರುವುದು. ಓಲೆಯು ಅಡ್ಡಗೆರೆಯನ್ನು ನಿಷೇಧಿಸಲಿಲ್ಲ. ನೀಳವಾದ ಅಡ್ಡಗೆರೆಗೆ ಮಾತ್ರ ಬೆಲೆಯನ್ನು ಕೇಳಿತು ಎಂದು ಹೇಳುವುದು ಸತ್ಯಕ್ಕೆ ಹೆಚ್ಚು ಸಮೀಪವಾಗಿರುವುದು. ಉಪಕರಣವು ಸೂಚಿಸುವುದು, ಸಂಪ್ರದಾಯವು ಒಪ್ಪುವುದು ಅಥವಾ ಒಪ್ಪದಿರುವುದು. ಇವೆರಡರ ನಡುವೆ ಕೈಯು ರಾಜಿಮಾಡಿಕೊಳ್ಳುವುದು. ಲಿಪಿಯ ಚೆಲುವೆಂದು ನಾವು ಹೊಗಳುವ ಗುಂಡುರೂಪದಲ್ಲಿ ಈ ರಾಜಿಯ ಗುರುತಿದೆ.

ಸಲಿವನ್ನನ ಸೂತ್ರಕ್ಕೆ ಇದಕ್ಕಿಂತ ಬಲವಾದ ಅಪವಾದವು ಇನ್ನೊಂದುಂಟು. ಓಲೆಗಳನ್ನು ದಾರದಿಂದ ಪೋಣಿಸಲು ರಂಧ್ರವನ್ನು ಕೊರೆದು, ಅದರ ಸುತ್ತ ಬರೆಯದೆ ಸ್ವಲ್ಪ ತೆರಪು ಬಿಡುವ ಪದ್ಧತಿಯಿತ್ತು. ಪಶ್ಚಿಮಭಾರತದಲ್ಲಿ ಕಾಗದವು ಬಳಕೆಗೆ ಬಂದಮೇಲೆ ಜೈನಲಿಪಿಕಾರರು ಕಾಗದವನ್ನೂ ಓಲೆಯಂತೆಯೇ ನೀಳವಾಗಿ ಕತ್ತರಿಸಿದರು. ನಡುವಣ ತೆರಪನ್ನು ಹಾಗೆಯೇ ಉಳಿಸಿ, ರಂಧ್ರವಿರಬೇಕಾದೆಡೆಯಲ್ಲಿ ಕೆಂಪು ಬೊಟ್ಟನ್ನಿಟ್ಟು ಅಲಂಕರಿಸಿದರು. ಪೋಣಿಸುವ ದಾರವಿಲ್ಲ, ತೂತೂ ಇಲ್ಲ. ತೂತಿನ ಸ್ಥಾನಕ್ಕೆ ಮಾತ್ರ ಮರ್ಯಾದೆ! ಪ್ರಯೋಜನವು ತೀರಿದಮೇಲೆ ರೂಪವು ಅಲಂಕಾರವಾಗಿ ಬದುಕುವುದಕ್ಕೆ ಇದು ಉತ್ತಮ ನಿದರ್ಶನ. ಇಂತಹ ಉಳಿಕೆಯೆಲ್ಲವೂ ದೋಷವೆಂದು ಹೇಳಬೇಕಾಗಿಲ್ಲ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವವೆಂದು ಸಾಧಿಸುವಾಗ, ಆಭರಣವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಆಭರಣವೆಂಬ ನ್ಯಾಯವನ್ನು ಮುಂದಿಟ್ಟನು. ಕೆಂಪು ಬೊಟ್ಟು ಯಾರ ಕೈಗೂ ಕಣ್ಣಿಗೂ ಬಾಧಕವಲ್ಲ. ಬಾಧಕವಾಗುವ ಉಳಿಕೆಗಳ ಮಾತು ಬೇರೆ. ಅದು ಮುಂದೆ ಬರುವುದು.

ಕೆಲಸದ ಎಡೆಯನ್ನು ಕುರಿತು ನಮ್ಮ ಗ್ರಂಥಗಳಲ್ಲಿ ಏನಿದೆಯೆಂದು ಕೇಳಿದರೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೆನೆಯಬೇಕು. ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ಬಂದ ಗ್ರಂಥಲಿಪಿಯ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಮುದ್ರಿಸಿ ಪ್ರಕಟಿಸಿದರು. ಬೆನ್ನು ಬಗ್ಗಿಸಿದ ಯಾವನೋ ಒಬ್ಬ ಲಿಪಿಕಾರನು ಇಲ್ಲದಿದ್ದರೆ ಆ ಶಾಸ್ತ್ರವು ಹೆಸರಿನಲ್ಲಿ ಮಾತ್ರ ಉಳಿಯುತ್ತಿದ್ದಿತು. ಅದರಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಶಾಲೆಯು ಪೂರ್ವಕ್ಕಾಗಲಿ ಉತ್ತರಕ್ಕಾಗಲಿ ಮುಖವಾಗಿರಬೇಕು, ಆಸನಸ್ಥಾನಗಳು ಬೇರೆಬೇರೆಯಾಗಿ ವಿಭಾಗಗೊಂಡಿರಬೇಕು, ನಿಬಂಧಪುಸ್ತಕಗಳಿಗೆ ಪ್ರತ್ಯೇಕ ಸ್ಥಳವಿರಬೇಕು ಎಂದು ವಿಧಿಸಿರುವನು. ಇದರಿಂದ ಎರ್ಗೊನಾಮಿಕ್ಸ್ ಶಾಸ್ತ್ರವು ಭಾರತದಲ್ಲಿ ಅಂದೇ ಇದ್ದಿತೆಂದು ಸಾರುವುದು ಪಾಂಡಿತ್ಯವಲ್ಲ. ಕೌಟಿಲ್ಯನ ಚಿಂತೆಯು ಲೆಕ್ಕದ ಭದ್ರತೆಯನ್ನು ಕುರಿತುದೇ ಹೊರತು ಲೆಕ್ಕಿಗನ ಸೊಂಟವನ್ನು ಕುರಿತುದಲ್ಲ.

ಆದರೂ ಅವನ ಮಾನಪ್ರಕರಣದಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಎಂಟು ಯವಮಧ್ಯಗಳ ಅಳತೆ ಅಂಗುಲ. ಅಥವಾ ಮಧ್ಯಮಪ್ರಮಾಣದ ಪುರುಷನ ನಡುಬೆರಳಿನ ನಡುವಣ ಅಗಲವೇ ಅಂಗುಲ. ಇತ್ತ ವಾಸ್ತುಗ್ರಂಥಗಳು, ಮಾಡಿಸುವವನ ನಡುಬೆರಳಿನ ನಡುಪರ್ವವನ್ನೇ ಅಳತೆಯಾಗಿ ಹಿಡಿಯುವ ಮಾತ್ರಾಂಗುಲವೆಂಬ ಬೇರೆ ಮಾನವನ್ನೂ ಹೇಳುವುವು. ಸಾಮಾನ್ಯಪುರುಷನ ಅಳತೆಯೊಂದು, ಇಂತಹವನೇ ಎಂದು ಗುರುತಿಸಿದ ವ್ಯಕ್ತಿಯ ಅಳತೆಯೊಂದು. ಅಂದಿನವರ ಉದ್ದೇಶವು ಬೇರೆಯಾಗಿದ್ದರೂ ಈ ಭೇದವು ಇಂದಿಗೂ ಪ್ರಸ್ತುತವೇ. ೧೯೫೦ರಲ್ಲಿ ಅಮೆರಿಕದ ವಾಯುಸೇನೆಯು ತನ್ನ ವಿಮಾನಚಾಲಕರ ಅಳತೆಗಳನ್ನು ತೆಗೆಯಿಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣನು ೪,೦೬೩ ಮಂದಿಯ ಅಳತೆಗಳಲ್ಲಿ ಹತ್ತನ್ನು ಆರಿಸಿ, ಆ ಹತ್ತರಲ್ಲಿಯೂ ಮಧ್ಯಮಪ್ರಮಾಣಕ್ಕೆ ಹೊಂದುವವರು ಎಷ್ಟು ಮಂದಿಯೆಂದು ಎಣಿಸಿದನು. ಒಬ್ಬನೂ ಇರಲಿಲ್ಲ! ಮಧ್ಯಮಪುರುಷನಿಗಾಗಿ ರಚಿಸಿದ ಪೀಠವು ಹೀಗೆ ಯಾರಿಗೂ ಸರಿಹೊಂದದ ಪೀಠವಾಯಿತು. ಕುಳಿತವನಿಗೆ ತಕ್ಕಂತೆ ಸರಿಸಿಕೊಳ್ಳಬಲ್ಲ ಆಸನಕ್ಕೆ ಆಮೇಲೆ ಪ್ರಾಶಸ್ತ್ಯವು ಬಂದಿತು. ಮಾತ್ರಾಂಗುಲವನ್ನು ಇದಕ್ಕೆ ಮೂಲವೆನ್ನುವುದಕ್ಕಾಗದು. ಆದರೆ ಅಳತೆಯು ಯಾರದು ಎಂಬ ಪ್ರಶ್ನೆಯು ಎರಡೆಡೆಯಲ್ಲಿಯೂ ಒಂದೇ.

ಈ ಪ್ರಶ್ನೆಯನ್ನು ಕನ್ನಡದ ಬರೆವಣಿಗೆಗೆ ಹಾಕಿ ನೋಡಬಹುದು. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕರ್ಣಾಟಕ ವ್ಯಾಕರಣವು ಕನ್ನಡದ ಅಚ್ಚಿನ ಮೊಳೆಗಳೊಡನೆ ಹೊರಬಂದಿತು. ಅಂದಿನಿಂದ ಮುದ್ರಣಶಾಲೆಯಲ್ಲಿ ಲಿಪಿಕಾರನ ಸ್ಥಾನಕ್ಕೆ ಮೊಳೆ ಜೋಡಿಸುವವನು ಬಂದನು. ಇಂಗ್ಲಿಷ್ ಕೇಸಿನಲ್ಲಿ ಮೇಲಿಂದಮೇಲೆ ಬೇಕಾಗುವ ‘ಇ’ ಅಕ್ಷರದ ಮನೆಯು ಎಲ್ಲಕ್ಕಿಂತ ದೊಡ್ಡದಾಗಿ ಕೈಗೆ ಹತ್ತಿರವಾಗಿರುವುದು. ಕನ್ನಡದಲ್ಲಿ ಗುಣಿತಾಕ್ಷರಗಳೂ ಒತ್ತುಗಳೂ ಬೇರೆಬೇರೆ ಮೊಳೆಗಳಾಗಿ ಮನೆಗಳ ಸಂಖ್ಯೆಯು ನೂರಾರಾಗುವುದರಿಂದ ಆ ಅನುಕೂಲವು ಅಲ್ಪವಾಯಿತು. ಮೊಳೆ ಜೋಡಿಸುವವನು ನಿಂತು ತೋಳು ಚಾಚಿಯೇ ದಿನವನ್ನು ಕಳೆಯಬೇಕಾಯಿತು. ಬೆರಳಚ್ಚುಯಂತ್ರವಾದರೋ ತೊಂಬತ್ತರ ಆಸುಪಾಸಿನ ಚಿಹ್ನೆಗಳಲ್ಲಿ ಇಡೀ ಲಿಪಿಯನ್ನು ಅಡಗಿಸಬೇಕಾಗಿದ್ದುದರಿಂದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ದೀರ್ಘಗಳಾಗಿ ಒಡೆದು ಕೂಡಿಸಿತು. ಅದರಿಂದ ಬಂದ ಪ್ರತಿಯ ಅಂದವನ್ನು ಹೊಗಳಿದವರು ವಿರಳ.

ಗಣಕಯಂತ್ರವು ಬಂದಾಗ ಈ ಬಂಧನಗಳು ಕಳಚಿದುವು. ಆದರೆ ಹಳೆಯ ಉಳಿಕೆಯೊಂದು ಜೊತೆಯಲ್ಲಿಯೇ ಬಂದಿತು. ೧೮೭೪ರಲ್ಲಿ ಮಾರಾಟಕ್ಕೆ ಬಂದ ರೆಮಿಂಗ್ಟನ್ ಯಂತ್ರದಲ್ಲಿ ಕೀಲಿಗಳ ಕೆಳಗಣ ಸನ್ನೆಗೋಲುಗಳು ಒಂದಕ್ಕೊಂದು ತಗುಲದೆ ಹಾಯಬೇಕಾಗಿದ್ದುದರಿಂದ ಸಾಲುಗಳನ್ನು ಓರೆಯಾಗಿ ಸರಿಸಿದ್ದರು. ಇಂದು ಸನ್ನೆಗೋಲಿಲ್ಲ, ಸಾಲುಗಳ ಓರೆ ಹಾಗೆಯೇ ಇದೆ. ಇದು ಜೈನಪ್ರತಿಯ ಕೆಂಪು ಬೊಟ್ಟಿನ ಸೋದರ. ಆದರೆ ನಿರಪಾಯವಾದ ಸೋದರನಲ್ಲ, ಏಕೆಂದರೆ ಎಡಗೈಯ ಬೆರಳುಗಳು ತಮ್ಮ ಸಹಜವಾದ ದಾರಿಯನ್ನು ಬಿಟ್ಟು ಓರೆಗೆ ನಡೆಯಬೇಕಾಗಿರುವುದು.

ಈ ಮಣೆಯ ಮೇಲೆಯೇ ಭಾರತೀಯ ಲಿಪಿಗಳಿಗಾಗಿ ಕೇಂದ್ರಸರ್ಕಾರದ ವಿದ್ಯುನ್ಮಾನ ಇಲಾಖೆಯು ೧೯೮೬ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು ಗೊತ್ತುಮಾಡಿತು. ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ಅದರ ಕ್ರಮವು ಸಂತೋಷವನ್ನೀಯುವುದು. ಸ್ವರಗಳೂ ಸ್ವರಚಿಹ್ನೆಗಳೂ ಎಡಗೈಗೆ, ವರ್ಗೀಯ ಸ್ಪರ್ಶಗಳು ಬಲಗೈಗೆ. ಕ ಚ ಟ ತ ಪಗಳೆಂಬ ಅಘೋಷಗಳು ಬೆರಳುಗಳು ವಿಶ್ರಮಿಸುವ ನಡುಸಾಲಿನಲ್ಲಿವೆ. ಗ ಜ ಡ ದ ಬಗಳೆಂಬ ಘೋಷಗಳು ತಮ್ಮ ತಮ್ಮ ಅಘೋಷಗಳಿಗೆ ನೇರಾಗಿ ಮೇಲಣ ಸಾಲಿನಲ್ಲಿವೆ. ಅದೇ ಕೀಲಿಯನ್ನು ಶಿಫ್ಟ್ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣ. ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆಯು ಎಡಗೈಯಲ್ಲಿರುವುದರಿಂದ ‘ಕ್ತ’ ಎಂದು ಬರೆಯುವಾಗ ಬಲ, ಎಡ, ಬಲ ಎಂದು ಕೈಗಳು ಸರದಿಯಂತೆ ನಡೆಯುವುವು. ಮ, ನಗಳು ಮಾತ್ರ ಎಡಗೈಯ ಕೆಳಸಾಲಿಗೆ ಬಿದ್ದಿರುವುದು ಅಪವಾದ. ಕನ್ನಡ, ತೆಲುಗು, ದೇವನಾಗರಿಗಳಲ್ಲಿ ಕಕಾರದ ಸ್ಥಾನವು ಒಂದೇ.

ಇಷ್ಟು ಶಾಸ್ತ್ರಶುದ್ಧವಾಗಿದ್ದರೂ ಕರ್ಣಾಟಕದಲ್ಲಿ ಹೆಚ್ಚು ಪ್ರಚಾರವನ್ನು ಪಡೆದುದು ಕೆ. ಪಿ. ರಾಯರ ವಿನ್ಯಾಸ, ರಾಜ್ಯಸರ್ಕಾರವೂ ಅದನ್ನೇ ಅಂಗೀಕರಿಸಿತು. ಅದರಲ್ಲಿ ರೋಮನ್ ಅಕ್ಷರದ ಧ್ವನಿಯೇ ಸ್ಥಾನವನ್ನು ನಿರ್ಣಯಿಸುವುದು; ಇಂಗ್ಲಿಷಿನ ‘ಕೆ’ ಇದ್ದೆಡೆಯಲ್ಲಿ ಕಕಾರ, ‘ಎಂ’ ಇದ್ದೆಡೆಯಲ್ಲಿ ಮಕಾರ. ಟವರ್ಗಕ್ಕೆ ಸಮನಾದ ರೋಮನ್ ಚಿಹ್ನೆಗಳಿಲ್ಲದುದರಿಂದ ಟ, ಡಗಳಿಗೆ ‘ಕ್ಯೂ’, ‘ಡಬ್ಲ್ಯು’ ಎಂಬ ಕೀಲಿಗಳನ್ನು ಕೊಡಬೇಕಾಯಿತು. ವರ್ಣಗಳ ಸ್ಥಾನಪ್ರಯತ್ನಗಳಿಗೂ ಬೆರಳಿನ ನಡಿಗೆಗೂ ಇಲ್ಲಿ ಸಂಬಂಧವಿಲ್ಲ. ಸಂಬಂಧವಿರುವುದು ಮೊದಲೇ ಕಲಿತ ಇಂಗ್ಲಿಷ್ ಮಣೆಯ ಅಭ್ಯಾಸಕ್ಕೆ. ಇದನ್ನು ಪಂಡಿತರು ಹಳಿಯುವುದುಂಟು. ಆದರೆ ಔಚಿತ್ಯದೃಷ್ಟಿಯಿಂದ ನೋಡಿದರೆ ಹಳಿಯಲು ಕಾರಣವಿಲ್ಲ: ಇಂಗ್ಲಿಷ್ ಮಣೆಯ ಮೇಲೆ ಕೈ ಪಳಗಿದವನಿಗೆ ಅದೇ ಉಚಿತ. ಕನ್ನಡವನ್ನಷ್ಟೇ ಕಲಿತು ಮೊದಲ ಸಲ ಕೀಲಿಯ ಮೇಲೆ ಬೆರಳಿಡುವ ಬಾಲಕನಿಗೆ, ಮಗ್ಗಿಯಂತೆ ವರ್ಗಾಕ್ಷರಗಳನ್ನು ಒಪ್ಪಿಸಬಲ್ಲವನಿಗೆ, ಇನ್‌ಸ್ಕ್ರಿಪ್ಟ್ ಉಚಿತ. ಇವರಿಬ್ಬರ ನಡುವೆ ಮಧ್ಯಮಪುರುಷನೊಬ್ಬನನ್ನು ಕಲ್ಪಿಸಿ ಒಂದೇ ಮಣೆಯನ್ನು ವಿಧಿಸಿದರೆ, ಡೇನಿಯಲ್ಸನು ಕಂಡ ಪೀಠದ ಗತಿಯೇ ಅದಕ್ಕೂ ಒದಗುವುದು. ಶಾಲೆಗಳಲ್ಲಿ ಕನ್ನಡ ಬೆರಳಚ್ಚನ್ನು ಕಲಿಸುವ ಉಪಾಧ್ಯಾಯರು ಈ ಭೇದವನ್ನು ಮನಸ್ಸಿನಲ್ಲಿಡುವುದು ಲೇಸು.

ಕೊರಳಿನ ವಿಚಾರವು ಉಳಿಯಿತು. ಪಾರಾಯಣಮಾಡುವವರ ಮುಂದೆ ವ್ಯಾಸಪೀಠವಿರುವುದು. ಒಂದೇ ಹಲಗೆಯನ್ನು ಸೀಳಿ, ಮೊಳೆಯಿಲ್ಲದೆ ಕತ್ತರಿಯಂತೆ ತೆರೆಯುವ ಹಾಗೆ ಕೆತ್ತಿದ ಈ ಪೀಠವನ್ನು ಮುಸಲ್ಮಾನರು ರೆಹಲ್ ಎಂದು ಕರೆಯುವರು. ಅದು ಗ್ರಂಥವನ್ನು ನೆಲದಿಂದ ಎತ್ತಿ ಓದುವವನ ಕಣ್ಣಿಗೆ ಸಮೀಪಿಸುವುದು. ಓದುವವನಿಗೆ ದೊರೆತ ಈ ಅನುಕೂಲವು ಕೊರೆಯುವವನಿಗೆ ದೊರೆಯಲಿಲ್ಲ, ಏಕೆಂದರೆ ಅವನ ಓಲೆಯು ಕೈಯಲ್ಲಿಯೇ ಇರಬೇಕಾಗಿತ್ತು. ಕೈಯ ಸ್ಥಾನವನ್ನು ಕಣ್ಣಿನ ಸ್ಥಾನದಿಂದ ಬೇರ್ಪಡಿಸಲು ಉಪಾಯವಿರಲಿಲ್ಲ. ಮಡಿಚಿ ಒಯ್ಯುವ ಗಣಕಯಂತ್ರದಲ್ಲಿ ತೆರೆಯನ್ನೂ ಕೀಲಿಮಣೆಯನ್ನೂ ಮತ್ತೆ ಒಂದಾಗಿ ಬೆಸೆದಿರುವುದರಿಂದ ಕಣ್ಣಿಗೆ ಅನುಕೂಲವಾದರೆ ತೋಳು ಮೇಲೇಳಬೇಕು, ತೋಳಿಗೆ ಅನುಕೂಲವಾದರೆ ಕೊರಳು ಬಾಗಬೇಕು. ಅದನ್ನು ವ್ಯಾಸಪೀಠದಂತಹ ಮಣೆಯ ಮೇಲೇರಿಸಿ, ಬೇರೊಂದು ಕೀಲಿಮಣೆಯನ್ನು ಕೆಳಗಿಟ್ಟುಕೊಂಡು ಬರೆಯುವವರು ಈಗ ಅನೇಕರಿರುವರು.